ಚಳಿಗಾಲದ ಅತಿಥಿಗಳ ಮೇಲೊಂದು ಗುಮಾನಿ

ಮಾರ್ಗಶಿರದ ಬೆಳಗಿನಲ್ಲಿ ರೇಡಿಯೋ ಹಾಕಿ, ಕಾಫಿಯ ಲೋಟ ಹಿಡಿದು ಮಹಡಿಯ ಮೇಲೆ ಬಿಸಿಲು ಕಾಯಿಸಿಕೊಳ್ಳುವ ಅಭ್ಯಾಸವುಳ್ಳವರಿಗೆ ಒಂದು ಹಕ್ಕಿಯ ಪರಿಚಯ ಇದ್ದೇ ಇರುತ್ತದೆ. ಗುಬ್ಬಿಗಿಂತ ನೀಳವಾದ ಸಣಕಲು ಮೈ, ಬೂದುಬಣ್ಣದ ಬೆನ್ನು, ಹೊಟ್ಟೆಯ ಕೆಳಗೆ ನಿಂಬೆಹಳದಿ. ನೀರಿನ ತೊಟ್ಟಿಯ ಅಂಚಿನಲ್ಲಿ ಓಡಾಡುತ್ತಾ ಕ್ಷಣವೂ ಬಿಡುವಿಲ್ಲದೆ ಬಾಲ ಕುಣಿಸುತ್ತದೆ. ಇದೇ ಬೂದು ಸಿಪಿಲೆ. ಭಾದ್ರಪದದ ಸುಮಾರಿಗೆ ಬಂದು ಬೇಸಗೆ ಬಲಿಯುವ ಮುನ್ನ ಮಾಯವಾಗುತ್ತದೆ. ಅದರ ತವರು ಹಿಮಾಲಯ ಮತ್ತು ಅದರಾಚೆಯ ಉತ್ತರ ಏಷ್ಯ. ಅಷ್ಟು ದೂರದಿಂದ ಬಂದ ಇಂತಹ ಅತಿಥಿಗಳ ಮೇಲೆ ಒಂದು ಕಾಲದಲ್ಲಿ ಕೊಲೆಗೆ ಸಮನಾದ ಆಪಾದನೆ ಬಂದಿತ್ತೆಂದರೆ ನಂಬುವುದು ಕಷ್ಟ. ಆದರೆ ಬಂದಿತ್ತು, ಅದೂ ನಮ್ಮ ನಾಡಿನ ಒಂದು ಕಾಡಿನಿಂದಲೇ.

1957ರ ಮೊದಲ ತಿಂಗಳುಗಳಲ್ಲಿ, ಅಂದಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಯಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಮುಸಿಯಗಳೂ ಸತ್ತವು, ಕೆಂಪು ಮೂತಿಯ ಮಂಗಗಳೂ ಸತ್ತವು. ಅದರ ಬೆನ್ನಿಗೇ ಸೌದೆಗೂ ತರಗಿಗೂ ಕಾಡು ಹೊಕ್ಕ ಜನರಿಗೆ ಜ್ವರ ಬಂತು. ಅಸಾಧ್ಯ ತಲೆನೋವು, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಹಳ್ಳಿಯವರು ಅದನ್ನು ಮಂಗನ ಕಾಯಿಲೆ ಎಂದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮುಂತಾದ ತಜ್ಞರು ಬಂದರು. ಸತ್ತ ಮಂಗಗಳಿಂದಲೂ ರೋಗಿಗಳ ರಕ್ತದಿಂದಲೂ ಒಂದು ಹೊಸ ವೈರಸ್ಸನ್ನು ಬೇರ್ಪಡಿಸಿದರು. ಅದು ಉಣ್ಣೆಗಳ ಮೂಲಕ, ಮಲೆನಾಡಿನವರು ಉಣುಗು ಎನ್ನುವ ಆ ಸಣ್ಣ ಹುಳುಗಳ ಮೂಲಕ, ಹರಡುತ್ತದೆಂಬುದೂ ಗೊತ್ತಾಯಿತು.

ತಜ್ಞರನ್ನು ಬೆರಗುಗೊಳಿಸಿದ್ದು ಆ ವೈರಸ್ಸಿನ ಬಳಗ. 1937ರಲ್ಲಿ ಸೋವಿಯತ್ ದೇಶದ ಪೂರ್ವದಂಚಿನ ಕಾಡುಗಳಲ್ಲಿ ಪತ್ತೆಯಾಗಿದ್ದ ಒಂದು ಮಿದುಳುಜ್ವರದ ವೈರಸ್ಸಿಗೆ ಇದು ಹತ್ತಿರದ ನೆಂಟ. ಅಲ್ಲಿಯೂ ವಾಹಕ ಉಣ್ಣೆಯೇ. ನಡುವೆ ಸಾವಿರಾರು ಮೈಲಿ, ಮರುಭೂಮಿ, ಹಿಮಾಲಯ. ಇಷ್ಟು ದೂರವನ್ನು ಪ್ರತಿವರ್ಷ ತಪ್ಪದೆ ದಾಟುವ ಜೀವಿ ಯಾವುದು? ಹಕ್ಕಿ! ಕಾಯಿಲೆ ಕಾಣಿಸಿಕೊಳ್ಳುವುದಾದರೂ ಯಾವಾಗ? ಚಳಿಗಾಲದಿಂದ ಬೇಸಗೆಯ ಮಳೆಯವರೆಗೆ. ವಲಸೆ ಹಕ್ಕಿಗಳು ಇಲ್ಲಿರುವ ಕಾಲಕ್ಕೆ ಹೆಚ್ಚುಕಡಿಮೆ ಸರಿಯಾಗಿ. ಅತಿಥಿಗಳ ಗರಿಗಳ ಸಂದಿನಲ್ಲಿ ಸೈಬೀರಿಯದ ಉಣ್ಣೆ ಬಂದಿಳಿದಿರಬೇಕೆಂಬ ಗುಮಾನಿ ಹುಟ್ಟಿದ್ದು ಹೀಗೆ. ಕಳ್ಳತನ ನಡೆದ ಮನೆಯಲ್ಲಿ ಆ ರಾತ್ರಿ ತಂಗಿದ್ದ ನೆಂಟನ ಮೇಲೆ ಕಣ್ಣು ಬೀಳುವ ಹಾಗೆ.

ಈ ಗುಮಾನಿಯಿಂದ ಒಬ್ಬರಿಗೆ ಮಾತ್ರ ಅನುಕೂಲವಾಯಿತು. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು ಕನ್ನಡನಾಡಿಗೆ ಹೊಸಬರಲ್ಲ. 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದವರು ಅವರೇ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದು ಅವರ ಸಲಹೆಯಿಂದಲೇ. ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ದಾರಿಯನ್ನು ಅರಿಯಬೇಕೆಂಬುದು ಅವರ ಬಹುದಿನದ ಆಸೆ. ಬೊಂಬಾಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿ ಅಂತಹ ಕೆಲಸವನ್ನು 1920ರ ದಶಕದಲ್ಲೇ ಚಿಕ್ಕದಾಗಿ ಆರಂಭಿಸಿತ್ತು. ದೊಡ್ಡದಾಗಿ ನಡೆಸಲು ಹಣವಿರಲಿಲ್ಲ. ಹಕ್ಕಿ ಎಲ್ಲಿಂದ ಬಂತೆಂದು ತಿಳಿಯುವ ಕುತೂಹಲಕ್ಕೆ ಯಾರು ದುಡ್ಡು ಕೊಡುತ್ತಾರೆ? ಹಕ್ಕಿ ರೋಗ ತಂದಿದೆಯೇ ಎಂಬ ಭಯಕ್ಕೆ ಕೊಡುವವರಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1959ರ ಸುಮಾರಿಗೆ ಕೆಲಸ ಪ್ರಾರಂಭವಾಯಿತು.

ಕೆಲಸದ ರೀತಿ ಸರಳ, ಶ್ರಮ ಬಹಳ. ಕಣ್ಣಿಗೆ ಕಾಣದಷ್ಟು ತೆಳುವಾದ ಬಲೆಯನ್ನು ಗಿಡಗಳ ನಡುವೆ ನಸುಕಿನಲ್ಲೇ ಕಟ್ಟಬೇಕು. ಸಿಕ್ಕಿದ ಹಕ್ಕಿಯನ್ನು ನೋವಾಗದಂತೆ ಬಿಡಿಸಿ, ಜಾತಿ ಗುರುತಿಸಿ, ತೂಕ ಮಾಡಿ, ಗರಿಗಳಲ್ಲಿ ಉಣ್ಣೆ ಇದೆಯೇ ಎಂದು ಹುಡುಕಿ, ರಕ್ತದ ಹನಿ ತೆಗೆದುಕೊಂಡು, ಕಾಲಿಗೆ ಅಲ್ಯುಮಿನಿಯಂ ಉಂಗುರ ತೊಡಿಸಿ ಹಾರಿಸಿಬಿಡಬೇಕು. ಉಂಗುರದ ಮೇಲೆ ಒಂದು ಸಂಖ್ಯೆ, ಜೊತೆಗೆ ಬೊಂಬಾಯಿಯ ಸೊಸೈಟಿಗೆ ತಿಳಿಸಿರೆಂಬ ಕೋರಿಕೆ. ಮುಂದಿನದು ಅದೃಷ್ಟ. ಎಲ್ಲೋ ಬೇಟೆಗಾರನ ಗುಂಡಿಗೆ ಬಿದ್ದ ಬಾತಿನ ಕಾಲಿನಲ್ಲಿ ಉಂಗುರ ಕಂಡರೆ, ಅವನಿಗೆ ಕಾಗದ ಬರೆಯುವ ಮನಸ್ಸಾದರೆ, ಹಕ್ಕಿಯ ಊರು ಗೊತ್ತಾಯಿತು. ಮುಂದಿನ ಹದಿನೈದು ವರ್ಷಗಳಲ್ಲಿ ಲಕ್ಷಕ್ಕೂ ಮೀರಿ ಹಕ್ಕಿಗಳಿಗೆ ಉಂಗುರ ಬಿತ್ತು. ರಾಜಸ್ಥಾನದ ಭರತಪುರದಲ್ಲಿ ಉಂಗುರ ತೊಟ್ಟ ಬಾತುಗಳು ಕಜಕಸ್ತಾನದಲ್ಲೂ ಸೈಬೀರಿಯದಲ್ಲೂ ಸಿಕ್ಕ ವರ್ತಮಾನಗಳು ಒಂದೊಂದಾಗಿ ಬಂದವು. ಬಂದ ಹಕ್ಕಿ ಮರುವರ್ಷ ಅದೇ ಜಾಗಕ್ಕೆ ಹಿಂದಿರುಗುವುದುಂಟೆಂಬುದಕ್ಕೂ ಸಾಕ್ಷಿ ದೊರೆಯಿತು. ನಿಮ್ಮ ಮಹಡಿಯ ಸಿಪಿಲೆ ಹೋದ ವರ್ಷದ್ದೇ ಆಗಿದ್ದರೆ ಆಶ್ಚರ್ಯವಿಲ್ಲ.

ಇನ್ನು ಆಪಾದನೆಯ ವಿಚಾರ. ವಲಸೆ ಹಕ್ಕಿಗಳು ಈ ಕಾಯಿಲೆಯನ್ನು ಸೈಬೀರಿಯದಿಂದ ತಂದವೆಂಬುದಕ್ಕೆ ಆಧಾರ ಸಿಕ್ಕಲಿಲ್ಲ. ಕ್ಯಾಸನೂರಿನ ವೈರಸ್ಸನ್ನು ಮುಖ್ಯವಾಗಿ ಹೊತ್ತು ತಿರುಗುವ ಉಣ್ಣೆ ದಕ್ಷಿಣ ಏಷ್ಯದ್ದೇ ಹೊರತು ಸೈಬೀರಿಯದ್ದಲ್ಲ. ಹಕ್ಕಿಯ ಪ್ರಯಾಣಕ್ಕೆ ವಾರಗಳು ಬೇಕು. ಕಚ್ಚಿಕೊಂಡ ಉಣ್ಣೆ ಹೊಟ್ಟೆತುಂಬ ರಕ್ತ ಹೀರಿ ಕೆಲವೇ ದಿನಗಳಲ್ಲಿ ಉದುರಿಹೋಗುತ್ತದೆ. ಚಳಿಗಾಲದ ಹೊಂದಾಣಿಕೆಗೂ ಬೇರೆ ಕಾರಣವಿತ್ತು: ಮಳೆ ನಿಂತ ಮೇಲೆ ಕಾಡಿನ ನೆಲದಲ್ಲಿ ಎಳೆಯ ಉಣ್ಣೆಗಳು ಹೆಚ್ಚುವ ಕಾಲ ಅದು, ಜನ ಸೌದೆಗಾಗಿ ಕಾಡಿಗೆ ಹೋಗುವ ಕಾಲವೂ ಅದೇ. ನಮ್ಮಲ್ಲೇ ನೆಲೆಸಿರುವ ಕಾಡುಕೋಳಿಯಂತಹ, ನೆಲ ಕೆದಕುವ ಹಕ್ಕಿಗಳ ಮೈಮೇಲೆ ಎಳೆಯ ಉಣ್ಣೆಗಳು ಕಂಡವು ನಿಜ. ಆದರೆ ಅವು ಪರಊರಿನವಲ್ಲವಲ್ಲ! ವೈರಸ್ಸಿನ ಇನ್ನೊಂದು ನೆಂಟ 1990ರ ದಶಕದಲ್ಲಿ ಸೌದಿ ಅರೇಬಿಯದಲ್ಲಿ ಸಿಕ್ಕಿದ ಮೇಲೆ ಅದರ ವಂಶವೃಕ್ಷ ಮೊದಲೆಣಿಸಿದ್ದಕ್ಕಿಂತ ಜಟಿಲವೆಂದು ತೋರಿತು. ಕಾಯಿಲೆ ಮಾತ್ರ ಹೋಗಿಲ್ಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆಯ ಹಳ್ಳಿಗಳು ಅದರಿಂದ ತೀರ ಕಷ್ಟಪಟ್ಟವು.

ಹಕ್ಕಿಗಳು ಪಾರಾದರೂ ಹಕ್ಕಿಶಾಸ್ತ್ರಜ್ಞರು ಪಾರಾಗಲಿಲ್ಲ. 1960ರ ದಶಕದಲ್ಲಿ ಈ ಉಂಗುರದ ಕೆಲಸಕ್ಕೆ ಅಮೆರಿಕದ ಸೈನ್ಯದ ಸಂಶೋಧನಾ ವಿಭಾಗದಿಂದಲೂ ಹಣ ಬಂದಿತ್ತು. ಹಕ್ಕಿಗಳ ಮೂಲಕ ರೋಗ ಹರಡುವ ಯುದ್ಧತಂತ್ರಕ್ಕೆ ಇದು ಪೀಠಿಕೆಯಾಗಿರಬಹುದೇ ಎಂಬ ಕೂಗೆದ್ದು, 1975ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ವರದಿಯಲ್ಲೂ ವಿಷಯ ಚರ್ಚೆಗೆ ಬಂತು. ಸಲೀಂ ಅಲಿಯವರಿಗೆ ಇದರಿಂದ ನೋವಾಯಿತು. ಕೆಲಸ ಬಹಿರಂಗವಾಗಿಯೇ ನಡೆದಿತ್ತೆಂಬುದು ಅವರ ವಾದ. ಸೈನ್ಯದ ಹಣವೆಂದಾಗ ಪ್ರಶ್ನೆ ಕೇಳಿದ ಸಮಿತಿಯದು ತಪ್ಪೆನ್ನಲು ನನಗೆ ಮನಸ್ಸು ಬಾರದು. ಉಂಗುರ ತೊಡಿಸಿದವರ ಕೈ ಶುದ್ಧವಾಗಿತ್ತೆಂಬುದರಲ್ಲಿಯೂ ನನಗೆ ಸಂದೇಹವಿಲ್ಲ.

ಈಗ ಹಕ್ಕಿಯ ಊರು ತಿಳಿಯಲು ಅದು ಸಾಯಬೇಕಾಗಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಂಡುಹಿಂಡಾಗಿ ಬರುತ್ತವೆ. ಬಿಳಿಯ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟಿ; ಒಮ್ಮೆ ನೋಡಿದವರು ಮರೆಯುವುದಿಲ್ಲ. ಮೈಸೂರಿನ ಸುತ್ತಿನ ಕೆರೆಗಳಿಗೂ ಇವು ಬರುತ್ತವೆ. ಅಲ್ಲಿ ಪಕ್ಷಿವೀಕ್ಷಕರು ದುರ್ಬೀನಿನಲ್ಲಿ ಹಿಂಡನ್ನು ಎಣಿಸುತ್ತಿದ್ದಾಗ ಒಂದೊಂದು ಹೆಬ್ಬಾತಿನ ಕೊರಳಿನಲ್ಲಿ ಅಕ್ಷರ, ಸಂಖ್ಯೆಗಳ ಬಣ್ಣದ ಪಟ್ಟಿ ಕಂಡಿದ್ದುಂಟು. ಬರೆದು ಕೇಳಿದರೆ, ಪಟ್ಟಿ ಕಟ್ಟಿದ್ದು ಮಂಗೋಲಿಯದ ಸರೋವರದ ದಡದಲ್ಲಿ ಎಂಬ ಉತ್ತರ ಬಂತು. ಜನವರಿಯಲ್ಲಿ ಕೆರೆಯ ಏರಿಯ ಮೇಲೆ ಹೋಗುವ ಸಂದರ್ಭ ಒದಗಿದರೆ ಬೆಳಗಿನ ಎಂಟರೊಳಗೆ ಹೋಗಿ, ಬೆನ್ನಿಗೆ ಸೂರ್ಯ ಇರುವಂತೆ ನಿಂತು, ಒಂದೊಂದೇ ಕೊರಳನ್ನು ನೋಡಿ. ಪಟ್ಟಿ ಕಂಡರೆ ಅದರ ಬಣ್ಣವನ್ನೂ ಅಕ್ಷರವನ್ನೂ ಆಗಲೇ ಬರೆದುಕೊಳ್ಳುವುದು ಒಳ್ಳೆಯದು. ಹಿಂಡು ಹೊಲಗಳ ಕಡೆಗೆ ಎದ್ದುಹೋಗಬಹುದು.