ಸವಣೂರಿನ ಬೀದಿಯಿಂದ ಶಾಲೆಯ ಅಂಗಳಕ್ಕೆ



ಡಿಸೆಂಬರ್ 28 ಮುಗ್ಧ ಶಿಶುಗಳ ಹಬ್ಬ. ಮನೆಯ ಗೋದಲಿಯನ್ನು ಇನ್ನೂ ತೆಗೆದಿರುವುದಿಲ್ಲ, ಆಗಲೇ ಬೆತ್ಲೆಹೇಮಿನ ತಾಯಂದಿರ ಅಳು ಕೇಳಿಸುತ್ತದೆ. ಈ ಹಬ್ಬದಂದು ನಮ್ಮ ನಾಡಿನ ಎರಡು ಘಟನೆಗಳನ್ನು ನೆನೆಯೋಣ.

ಹಾವೇರಿ ಜಿಲ್ಲೆಯ ಸವಣೂರು, 2010ರ ಜುಲೈ. ತಲೆತಲಾಂತರದಿಂದ ಊರಿನ ಮಲ ಹೊತ್ತ ಭಂಗಿ ಸಮುದಾಯದವರು, ಇದ್ದ ಜಾಗದಿಂದಲೂ ಎಬ್ಬಿಸುವ ಮಾತು ಬಂದಾಗ, ಪುರಸಭೆಯ ಮುಂದೆ ಮಲವನ್ನು ಮೈಮೇಲೆ ಸುರಿದುಕೊಂಡರು. ಈ ಪದ್ಧತಿಯ ವಿರುದ್ಧ 1993ರ ಕಾಯ್ದೆ ಆಗಲೇ ಇತ್ತು! 2013ರಲ್ಲಿ ಇನ್ನೂ ಬಿಗಿಯಾದ ಕಾಯ್ದೆ ಬಂತು. ಗುಂಡಿಗಿಳಿಯುವ ಕೆಲಸವನ್ನು ಮುಂದಿನ ತಲೆಮಾರಿಗೆ ಶಾಲೆಯೇ ತಪ್ಪಿಸುತ್ತದೆ ಎಂದು ನಂಬಿದೆವು.

2023ರ ಡಿಸೆಂಬರ್, ಕ್ರಿಸ್ಮಸ್‌ಗೆ ವಾರವಿರುವಾಗ, ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ ವಿಡಿಯೊ ಹೊರಬಂತು. ರಾತ್ರಿ ಹೊತ್ತು ಬ್ಯಾಗ್ ಹೊರಿಸಿ ಮಂಡಿಯೂರಿಸಿದ ದೃಶ್ಯವೂ ಇತ್ತು. ಪ್ರಾಂಶುಪಾಲರು, ಶಿಕ್ಷಕರೊಬ್ಬರು ಬಂಧನಕ್ಕೊಳಗಾದರು. ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಕೂಡದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೇಳುತ್ತದೆ. ಆ ಕಲಂ ಮಕ್ಕಳಿಗೆ ಯಾರು ಓದಿ ಹೇಳಿದ್ದರು?

ವಸತಿ ಶಾಲೆಯ ಮಗು ಸಂಜೆ ಮನೆಗೆ ಬರುವುದಿಲ್ಲ, ಅವ್ವನ ಮುಂದೆ ಹೇಳಿಕೊಳ್ಳಲಾಗದು. ದೂರು ಯಾರ ಮೇಲೋ ಅವರೇ ಅದಕ್ಕೆ ಅನ್ನ, ಹಾಸಿಗೆ, ಅಂಕ ಕೊಡುವವರು. ನಮ್ಮ ಬೋರ್ಡಿಂಗುಗಳೂ ಇದಕ್ಕೆ ಹೊರತಲ್ಲ. ಭಾನುವಾರದ ಭೇಟಿಯಲ್ಲಿ ಊಟ, ಮಾರ್ಕ್ಸ್ ವಿಚಾರಿಸಿ ಎದ್ದುಬರುತ್ತೇವೆ. ಮುಂದಿನ ಸಲ ಮಗುವನ್ನು ಗೇಟಿನಾಚೆ ಒಂದಿಷ್ಟು ದೂರ ನಡೆಸಿಕೊಂಡು ಹೋಗಿ, ಅದು ಹೇಳುವುದನ್ನು ಕೇಳಿಸಿಕೊಳ್ಳಿ. ಮಕ್ಕಳ ಸಹಾಯವಾಣಿ 1098 ಅದಕ್ಕೆ ಬಾಯಿಪಾಠವಿರಲಿ.