'ಪಿಕ್ರೋಸ್': ಗ್ರೀಕ್ ಭಾಷೆಯಲ್ಲಿ ಕಹಿ ಮತ್ತು ಶೋಕದ ಪದಚರಿತ್ರೆ

ಭಾವವಾಚಕ ಪದಗಳ ಚರಿತ್ರೆಯು ಅನೇಕ ವೇಳೆ ದೇಹಾನುಭವದಿಂದಲೇ ಆರಂಭವಾಗುತ್ತದೆ. ಕಹಿಯನ್ನು ಸೂಚಿಸುವ ಗ್ರೀಕ್ ಪದ 'ಪಿಕ್ರೋಸ್' ಇದಕ್ಕೊಂದು ನಿದರ್ಶನ. ಇದರ ಮೂಲಾರ್ಥ ರುಚಿಯಲ್ಲ. ಮೊನಚಾದುದು, ಚುಚ್ಚುವಂಥದು ಎಂಬುದು. ಸಂಸ್ಕೃತದ 'ತಿಕ್ತ' ಮತ್ತು 'ತೀಕ್ಷ್ಣ' ಪದಗಳು 'ತಿಜ್' ಎಂಬ ಒಂದೇ ಧಾತುವಿನಿಂದ ಹುಟ್ಟಿರುವುದು ಇಂತಹುದೇ ಅರ್ಥವಿಕಾಸ.

ಹೋಮರನ 'ಇಲಿಯಡ್' ಮಹಾಕಾವ್ಯದ 4ನೆಯ ಸರ್ಗದಲ್ಲಿ ಪಾಂಡರಸನು ಮೆನೆಲಾಸನ ಮೇಲೆ ಎಸೆಯುವ ಬಾಣಕ್ಕೆ ಈ ವಿಶೇಷಣವಿದೆ. 11ನೆಯ ಸರ್ಗದಲ್ಲಿ ಪಾರಿಸನ ಬಾಣದಿಂದ ತೊಡೆಗೆ ಗಾಯವಾದ ಯೂರಿಪಿಲಸನಿಗೆ ಪೆಟ್ರೋಕ್ಲಸನು ಚಿಕಿತ್ಸೆ ಮಾಡುತ್ತಾನೆ. ಬಾಣವನ್ನು ಕೊಯ್ದು ತೆಗೆದು, ನೋವು ನೀಗುವ ಬೇರೊಂದನ್ನು ಅಂಗೈಯಲ್ಲಿ ಉಜ್ಜಿ ಹಚ್ಚುತ್ತಾನೆ. ಆ ಬೇರಿಗೂ ಇದೇ ವಿಶೇಷಣ. ನೋಯಿಸುವ ಬಾಣ, ಮಾಯಿಸುವ ಬೇರು ಎರಡಕ್ಕೂ ಒಂದೇ ಪದ ಸಲ್ಲುವುದು ಗಮನಾರ್ಹ.

ಶೋಕಕ್ಕೆ ಗ್ರೀಕರಲ್ಲಿ ಬೇರೆ ಪದಗಳಿದ್ದವು. 'ಆಖೋಸ್' ಎದೆಯನ್ನು ಹಠಾತ್ತನೆ ಹಿಡಿಯುವ ದುಃಖ; 'ಪೆಂಥೋಸ್' ಸತ್ತವರಿಗಾಗಿ ಆಚರಿಸುವ ಶೋಕ; 'ಲೂಪೆ' ದೇಹ, ಮನಸ್ಸು ಎರಡರ ನೋವಿಗೂ ಅನ್ವಯಿಸುವ ಪದ. ಸ್ಟೋಯಿಕ್ ದಾರ್ಶನಿಕರು 'ಲೂಪೆ'ಯನ್ನು ನಾಲ್ಕು ಮೂಲವಿಕಾರಗಳಲ್ಲಿ ಒಂದೆಂದು ಎಣಿಸಿದರು. ಹಿಪೊಕ್ರೇಟಸನ ಹೆಸರಿನ ವೈದ್ಯಗ್ರಂಥಗಳು ಬಹುಕಾಲ ಉಳಿಯುವ ಭಯ, ವಿಷಾದಗಳನ್ನು 'ಮೆಲಾಂಖೋಲಿಯಾ', ಅಂದರೆ ಕಪ್ಪು ಪಿತ್ತದ ವಿಕಾರ, ಎಂದು ಗುರುತಿಸಿದವು.

'ಪಿಕ್ರೋಸ್' ಪದವನ್ನು ಮನುಷ್ಯಸ್ವಭಾವಕ್ಕೆ ಅನ್ವಯಿಸಿ ವಿವೇಚಿಸಿದವನು ಕ್ರಿ.ಪೂ. 4ನೆಯ ಶತಮಾನದ ಅರಿಸ್ಟಾಟಲ್. 'ನಿಕೊಮೇಕಿಯನ್ ನೀತಿಶಾಸ್ತ್ರ'ದ 4ನೆಯ ಭಾಗದಲ್ಲಿ ಅವನು ಕೋಪವನ್ನು ಒಳಗೇ ಅದುಮಿಟ್ಟುಕೊಳ್ಳುವವರನ್ನು ಈ ಹೆಸರಿನಿಂದ ಕರೆಯುತ್ತಾನೆ. ಅವರ ಕೋಪ ಹೊರಗೆ ಕಾಣದ ಕಾರಣ ಯಾರೂ ಅವರನ್ನು ಸಂತೈಸುವುದಿಲ್ಲ. ಅದು ಒಳಗೇ ಜೀರ್ಣವಾಗಲು ಕಾಲ ಬೇಕು. ಅಂಥವರು ತಮಗೂ ಆಪ್ತರಿಗೂ ಹೊರೆಯಾಗುತ್ತಾರೆ ಎಂಬುದು ಅವನ ಅಭಿಪ್ರಾಯ.

ಹೀಬ್ರೂ ಧರ್ಮಗ್ರಂಥಗಳ ಪ್ರಾಚೀನ ಗ್ರೀಕ್ ಅನುವಾದವಾದ 'ಸೆಪ್ಟುವಜಿಂಟ್' ಈ ಪದವನ್ನು ಶೋಕಕ್ಕೆ ಮತ್ತಷ್ಟು ಹತ್ತಿರ ತಂದಿತು. ಕುಡಿಯಲಾಗದ ನೀರಿನ 'ಮಾರಾ' ಎಂಬ ಸ್ಥಳ ಅದರಲ್ಲಿ 'ಪಿಕ್ರಿಯಾ' ಆಯಿತು. ಪತಿಯನ್ನೂ ಇಬ್ಬರು ಪುತ್ರರನ್ನೂ ಕಳೆದುಕೊಂಡ ನವೊಮಿ ತನ್ನನ್ನು 'ಪಿಕ್ರಾ' ಎಂದು ಕರೆಯಿರಿ ಎನ್ನುತ್ತಾಳೆ. ಮತ್ತಾಯನ ಸುವಾರ್ತೆಯಲ್ಲಿ, ಗುರುವನ್ನು ಅರಿಯೆನೆಂದ ಪೇತ್ರನ ಅಳುವಿಗೂ ಇದೇ ಪದದ ರೂಪವಿದೆ. ಆಧುನಿಕ ಗ್ರೀಕ್‌ನಲ್ಲಿ 'ಪಿಕ್ರಾ' ಎಂದರೆ ಕಹಿಯೂ ಹೌದು, ದುಃಖವೂ ಹೌದು.

ಈ ಪದಗಳೆಲ್ಲವನ್ನೂ 'ದುಃಖ' ಎಂದೊಂದೇ ಮಾತಿನಲ್ಲಿ ಅನುವಾದಿಸಿದರೆ ಈ ಚರಿತ್ರೆ ಮರೆಯಾಗುತ್ತದೆ. 'ಪೆಂಥೋಸ್'ಗೆ ಆಚರಣೆಯ ಆಸರೆಯಿದೆ; ಅರಿಸ್ಟಾಟಲ್ ಕಂಡ 'ಪಿಕ್ರೋಸ್' ಹೊರದಾರಿಯಿಲ್ಲದೆ ಒಳಗೇ ನಿಂತ ನೋವು.