ಹೊಗೆಯ ರುಚಿ: ವಿಜಾಪುರದಿಂದ ದಂಡಿಗೆ



ಚುಟ್ಟದ ಪರಿಮಳವನ್ನೂ ಬೂದಿಯನ್ನೂ ರತ್ನಪರೀಕ್ಷಕರಂತೆ ತೂಗಿನೋಡುವ ರಸಿಕರು ಇಂದಿಗೂ ಉಂಟು. ಈ ಪರೀಕ್ಷೆಯ ಪೂರ್ವಕಥೆಯು ಕನ್ನಡನಾಡಿನಲ್ಲಿಯೇ ಮೊದಲಾಗುತ್ತದೆ. 17ನೆಯ ಶತಮಾನದ ಆದಿಯಲ್ಲಿ ಮೊಗಲ್ ರಾಯಭಾರಿಯಾದ ಅಸದ್ ಬೇಗನು ವಿಜಾಪುರದಲ್ಲಿ ಹೊಗೆಸೊಪ್ಪನ್ನು ಕಂಡು, ರತ್ನಖಚಿತವಾದ ಕೊಳವೆಯೊಡನೆ ಅದನ್ನು ಅಕ್ಬರನಿಗೆ ಒಪ್ಪಿಸಿದನು. ಚಕ್ರವರ್ತಿಯು ಎರಡು ಮೂರು ಸಲ ಸೇದಿದನು. ಇದು ಪರೀಕ್ಷೆಗೊಳಗಾಗದ ವಸ್ತು, ನಮ್ಮ ಗ್ರಂಥಗಳಲ್ಲಿ ಇದರ ಮಾತಿಲ್ಲ ಎಂದು ರಾಜವೈದ್ಯನು ತಡೆದನು. ಎಲ್ಲ ವಸ್ತುವೂ ಒಂದು ಕಾಲಕ್ಕೆ ಹೊಸದೇ ಎಂದು ಅಸದನು ವಾದಿಸಿದನು. ಅಕ್ಬರನು ವಾದವನ್ನು ಮೆಚ್ಚಿದನು; ಅಭ್ಯಾಸವನ್ನು ಮಾತ್ರ ಕೈಕೊಳ್ಳಲಿಲ್ಲ. ಸರದಾರರು ಕೈಕೊಂಡರು.

ಇಂದಿನ ಜೀವನ್ ಬಿಮಾ ನಗರಕ್ಕೆ ಸಮೀಪವಾದ ಹಲಸೂರಿನ ಬಳಿ 1809ರಲ್ಲಿ ಬ್ರಿಟಿಷರ ದಂಡು ನೆಲೆಸಿತು. ತಮಿಳಿನ ಸುರುಟ್ಟು ಇಂಗ್ಲಿಷರ ಬಾಯಲ್ಲಿ ಚಿರೂಟಾಯಿತು. ನಮ್ಮ ‘ಸುರುಟು’ ಎಂಬ ಮಾತು ಅದರ ನಂಟ. 1887ರ ಕಾದಂಬರಿಯಲ್ಲಿ ಷರ್ಲಾಕ್ ಹೋಮ್ಸನು ತಿರುಚಿನಾಪಳ್ಳಿಯ ಚುಟ್ಟವನ್ನು ಬೂದಿಯಿಂದಲೇ ಗುರುತಿಸುತ್ತಾನೆ. 1896ರಲ್ಲಿ ಈ ದಂಡಿಗೆ ಬಂದ ತರುಣಾಧಿಕಾರಿ ಚರ್ಚಿಲನನ್ನು ಲೋಕವು ಮುಂದೆ ಚುಟ್ಟದೊಡನೆಯೇ ನೆನೆಯಿತು.

ರಾಜವೈದ್ಯನು ಬಯಸಿದ ಪರೀಕ್ಷೆಗೆ ಸುಮಾರು ಮೂರೂವರೆ ಶತಮಾನ ಹಿಡಿಯಿತು. 1950ರಲ್ಲಿ ಡಾಲ್ ಮತ್ತು ಹಿಲ್ ಎಂಬ ಇಂಗ್ಲಿಷ್ ವಿದ್ವಾಂಸರು ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು ತೋರಿಸಿಕೊಟ್ಟರು. ನಾಲಗೆಯ ತೀರ್ಪು ಒಂದು, ದೇಹದ ತೀರ್ಪು ಇನ್ನೊಂದು. ಎರಡನ್ನೂ ಕೇಳಿದವನೇ ನಿಜವಾದ ಪರೀಕ್ಷಕನು.